ಮುಪ್ಪಾದ ಮದ್ದು

ರೋಗಿಗೆ ಕುಡಿಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು ಎಂದು ಎರಡಕ್ಕೂ ಒಂದೇ ಹೆಸರಿಟ್ಟ ಭಾಷೆ ನಮ್ಮದು. ಔಷಧವು ಹಳತಾದರೆ ಕೆಡುವುದೆಂಬುದನ್ನು ಎಲ್ಲರೂ ಬಲ್ಲರು. ಸೀಸೆಯ ಮೇಲಿನ ತಾರೀಖನ್ನು ನೋಡಿ ಅದನ್ನು ಬಿಸುಡುವ ಗೃಹಸ್ಥನೇ, ಕೋವಿಯ ಮದ್ದಾದರೆ ಎಷ್ಟು ಕಾಲವಾದರೂ ಇದ್ದ ಹಾಗೆಯೇ ಇರುವುದೆಂದು ನಂಬಿ ಡಬ್ಬಿಯನ್ನು ಅಟ್ಟದ ಮೇಲೆ ಮರೆತುಬಿಡುತ್ತಾನೆ. ಈ ನಂಬಿಕೆ ಒಂದು ಜಾತಿಯ ಮದ್ದಿನ ವಿಷಯದಲ್ಲಿ ಬಹುಮಟ್ಟಿಗೆ ಸತ್ಯ. ಇನ್ನೊಂದು ಜಾತಿಯ ವಿಷಯದಲ್ಲಿ ಅಪಾಯಕರವಾದ ಭ್ರಾಂತಿ.

ಮೊದಲನೆಯದು ಕರಿಮದ್ದು. ಪೆಟ್ಲುಪ್ಪು, ಇದ್ದಲು, ಗಂಧಕ ಈ ಮೂರನ್ನು ನುಣ್ಣಗೆ ಅರೆದು ಕೂಡಿಸಿದ್ದು. ಚಿತ್ರದುರ್ಗದ ಕೋಟೆಯಲ್ಲಿ ಇದನ್ನು ಅರೆಯುತ್ತಿದ್ದ ಭಾರಿ ಬೀಸುಕಲ್ಲುಗಳನ್ನು ಇಂದಿಗೂ ಕಾಣಬಹುದು. ಇದರ ಘಟಕಗಳು ಒಂದರೊಡನೊಂದು ಬೆರೆತಿದ್ದರೂ, ಕಿಡಿ ಸೋಕುವವರೆಗೆ ಒಂದನ್ನೊಂದು ಮುಟ್ಟದೆ ತಟಸ್ಥವಾಗಿರುತ್ತವೆ. ಇದಕ್ಕಿರುವ ವೈರಿ ತೇವವೊಂದೇ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ದಪ್ಪ ಗೋಡೆಗಳಿಂದ ಕಟ್ಟಿದ್ದು ಕಿಡಿಯ ಭಯ, ತೇವದ ಭಯ ಎರಡನ್ನೂ ನೆನೆದೇ ಇರಬೇಕು. ರೈಲುಮಾರ್ಗವನ್ನು ಜೋಡಿಹಳಿ ಮಾಡುವಾಗ, 2017ರಲ್ಲಿ, ಅಂಥ ಒಂದು ಕಟ್ಟಡವನ್ನು ಕೆಡವದೆ ಇಡಿಯಾಗಿ ಸರಿಸಿ ಉಳಿಸಿಕೊಂಡರು. ಮರುವರ್ಷ ಹೊಸನಗರ ತಾಲ್ಲೂಕಿನ ನಗರವೆಂಬ ಊರಿನಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಟಿಪ್ಪುವಿನ ಕಾಲದವೇ ಆದ, ತುಕ್ಕು ಹಿಡಿದ ಸಾವಿರಕ್ಕೂ ಮಿಕ್ಕಿದ ರಾಕೆಟ್ಟುಗಳು ಹೊರಬಂದವು. ಎರಡು ಶತಮಾನ ಕಳೆದಿದ್ದರೂ ಆ ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇತ್ತು. ತೇವ ತಗಲದೆ ಉಳಿದ ಕರಿಮದ್ದು ವಾಸನೆಯನ್ನಷ್ಟೇ ಅಲ್ಲ, ಶಕ್ತಿಯನ್ನೂ ಕಾಪಾಡಿಕೊಳ್ಳುತ್ತದೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಲದ ಫಿರಂಗಿ ಗುಂಡೊಂದನ್ನು ಉಜ್ಜಿ ಶುಚಿಮಾಡುತ್ತಿದ್ದ ಸಂಗ್ರಾಹಕನು, ಅದು ಸಿಡಿದು ಪ್ರಾಣವನ್ನೇ ತೆತ್ತನು.

ಎರಡನೆಯದು ಹೊಗೆಯಿಲ್ಲದ ಮದ್ದು. ಫ್ರಾನ್ಸಿನ ಪಾಲ್ ವಿಯೆಯಿ 1884ರಲ್ಲಿ ಇದನ್ನು ಸಾಧಿಸಿದಾಗ ಯುದ್ಧಕಲೆಯೇ ಬದಲಾಯಿತು. ಇದರ ಮೂಲದ್ರವ್ಯ ನೈಟ್ರೋಸೆಲ್ಯುಲೋಸ್, ಎಂದರೆ ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆದ ವಸ್ತು. ಕರಿಮದ್ದಿನಲ್ಲಿ ಉರಿಯುವುದೂ ಉರಿಸುವುದೂ ಬೇರೆ ಬೇರೆ ಕಣಗಳಾದರೆ, ಇಲ್ಲಿ ಅವೆರಡೂ ಒಂದೇ ಅಣುವಿನಲ್ಲಿ ಒಡಲು ಹಂಚಿಕೊಂಡಿವೆ. ಆದುದರಿಂದ ಈ ಮದ್ದು ಯಾರೂ ಮುಟ್ಟದೆ, ಹನಿ ನೀರೂ ಸೋಕದೆ, ತನ್ನಷ್ಟಕ್ಕೆ ತಾನೇ ಒಳಗಿನಿಂದ ಮೆಲ್ಲಮೆಲ್ಲನೆ ಶಿಥಿಲಗೊಳ್ಳುತ್ತದೆ. ಹಾಗೆ ಶಿಥಿಲಗೊಳ್ಳುವಾಗ ಹೊರಡುವ ಆಮ್ಲೀಯ ಅನಿಲವು ಉಳಿದ ಭಾಗವನ್ನೂ ಕೆಡಿಸುತ್ತದೆ, ಕೆಡುವಾಗ ಶಾಖ ಹುಟ್ಟುತ್ತದೆ, ಶಾಖದಿಂದ ಕೆಡುವಿಕೆ ಇನ್ನಷ್ಟು ತ್ವರಿತವಾಗುತ್ತದೆ. ರಾಶಿ ದೊಡ್ಡದಾಗಿದ್ದು ಶಾಖಕ್ಕೆ ಹೊರದಾರಿ ಇಲ್ಲದಿದ್ದರೆ ಅದು ತಾನಾಗಿಯೇ ಹೊತ್ತಿಕೊಳ್ಳಲೂಬಹುದು.

ಈ ಪಾಠಕ್ಕೆ ಫ್ರಾನ್ಸ್ ತೆತ್ತ ಬೆಲೆ ದೊಡ್ಡದು. 1907ರ ಮಾರ್ಚ್ 12ರಂದು ತೂಲೋನ್ ಬಂದರಿನಲ್ಲಿ ದುರಸ್ತಿಗೆಂದು ನಿಂತಿದ್ದ ‘ಇಯೆನಾ’ ಯುದ್ಧನೌಕೆ ಸಿಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. 1911ರ ಸೆಪ್ಟೆಂಬರ್ 25ರಂದು ಅದೇ ಬಂದರಿನಲ್ಲಿ ‘ಲಿಬರ್ತೆ’ ನೌಕೆಯೂ ಹಾಗೆಯೇ ನಾಶವಾಯಿತು. ಶತ್ರುವಿನ ಒಂದು ಗುಂಡೂ ಬಿದ್ದಿರಲಿಲ್ಲ. ಉಗ್ರಾಣದ ಮದ್ದಿನ ಮೇಲೆಯೇ ಸಂಶಯ ಬಲವಾಯಿತು. ಇಂದಿನ ಮದ್ದುಗಳಲ್ಲಿ ಡೈಫಿನೈಲಮೀನ್‌ನಂಥ ಸ್ಥಿರಕಾರಿಯನ್ನು ಸ್ವಲ್ಪ ಬೆರೆಸಿರುತ್ತಾರೆ. ಹುಟ್ಟಿದ ಅನಿಲವನ್ನು ಅದು ಹುಟ್ಟಿದಲ್ಲಿಯೇ ಹೀರಿಕೊಳ್ಳುತ್ತದೆ. ಆದರೆ ಹೀರಿದಷ್ಟೂ ತಾನು ಸವೆಯುತ್ತದೆ. ಅದು ತೀರಿದ ದಿನದಿಂದ ಮದ್ದಿಗೆ ಕಾವಲಿಲ್ಲ. ತಂಪಿನಲ್ಲಿಟ್ಟರೆ ಈ ಕಾವಲು ಹಲವು ದಶಕ ಬಾಳುವುದು, ಸೆಕೆಯಲ್ಲಿಟ್ಟರೆ ಬೇಗ ಮುಗಿಯುವುದು.

ಈ ಶಾಸ್ತ್ರವು ಮನೆಮಾತಾಗಿರುವುದು ಅಮೆರಿಕದಲ್ಲಿ. ಅಲ್ಲಿನ ಅನೇಕ ಬೇಟೆಗಾರರು ಹಾರಿಸಿದ ತೋಟೆಯ ಹಿತ್ತಾಳೆ ಕೋಶವನ್ನು ಎಸೆಯದೆ, ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಗುಂಡು ಸಿಕ್ಕಿಸಿ ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುತ್ತಾರೆ. ತಂದೆಯೋ ತಾತನೋ ಬಿಟ್ಟುಹೋದ ಡಬ್ಬಿ ಕೈಗೆ ಬಂದಾಗ ಅನುಭವಿಗಳು ಮೊದಲು ನಂಬುವುದು ಮೂಗನ್ನು. ಮುಚ್ಚಳ ತೆರೆದಾಗ ಈಥರಿನಂಥ ನವುರಾದ ವಾಸನೆ ಬಂದರೆ ಶುಭ. ಮೂಗಿಗೆ ಇರಿಯುವ ಹುಳಿ ಘಾಟು ಬಂದರೆ, ಡಬ್ಬಿಯ ಒಳಬಾಯಿ ತುಕ್ಕು ಹಿಡಿದಿದ್ದರೆ, ಕಾಳುಗಳ ಮೇಲೆ ಇಟ್ಟಿಗೆಪುಡಿಯಂಥ ಕೆಂಪು ಧೂಳು ಕೂತಿದ್ದರೆ ಅಥವಾ ಕೆಂಗಂದು ಹೊಗೆಯಾಡಿದರೆ, ಅದರ ಆಯುಷ್ಯ ಮುಗಿಯಿತೆಂದೇ ತಿಳಿಯತಕ್ಕದ್ದು. ಅಂಥದನ್ನು ತುಂಬಿದ ತೋಟೆಯೊಳಗೆ ಆಮ್ಲವು ಹಿತ್ತಾಳೆಯನ್ನು ತಿಂದು ಕಿಲುಬೇರಿಸಿ ಬಿರಿಸುತ್ತದೆ. ಚೀಟಿ ಹರಿದ ಡಬ್ಬಿಯ ಮದ್ದನ್ನಂತೂ, ಎಷ್ಟೇ ಹೊಸದಾಗಿ ಕಂಡರೂ, ಬಳಸಕೂಡದು. ಒಂದೇ ರೂಪದ ಎರಡು ಮದ್ದುಗಳು ಉರಿಯುವ ವೇಗದಲ್ಲಿ ಬಹಳ ಭಿನ್ನವಾಗಿರಬಹುದು, ಊಹೆಯ ತಪ್ಪಿಗೆ ಕೋವಿಯ ನಳಿಗೆಯೇ ಒಡೆಯಬಹುದು.

ಇಡುವ ಕ್ರಮದಲ್ಲಿ ವಿಚಿತ್ರವೆನಿಸುವ ಸಂಗತಿಯೊಂದುಂಟು. ಬೆಲೆಬಾಳುವುದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಲೋಕರೂಢಿ; ಈ ಮದ್ದಿಗಾದರೋ ಅಲ್ಲಿಯ ಅಗ್ನಿಸುರಕ್ಷಾ ನಿಯಮ ಹೇಳುವುದು ಒಂದಂಗುಲ ದಪ್ಪದ ಮರದ ಪೆಟ್ಟಿಗೆಯನ್ನು. ಬಯಲಿನಲ್ಲಿ ಭಗ್ಗೆಂದು ಉರಿದು ಮುಗಿಯುವ ಮದ್ದು, ಬಿಗಿಯಾದ ಲೋಹದೊಳಗೆ ಒತ್ತಡ ಕಟ್ಟಿಕೊಂಡು ಬಾಂಬಾಗುತ್ತದೆ. ಮರವು ಬಿಟ್ಟುಕೊಟ್ಟು ಆ ಒತ್ತಡವನ್ನು ಹೊರಗೆ ಬಿಡುತ್ತದೆ. ಮಾರುವ ಡಬ್ಬಿಯನ್ನೂ ಹಾಗೆಯೇ ಸುಲಭವಾಗಿ ಬಿಚ್ಚಿಕೊಳ್ಳುವಂತೆ ರೂಪಿಸಿರುವುದರಿಂದ, ಮದ್ದನ್ನು ಬೇರೆ ಪಾತ್ರೆಗೆ ಸುರಿದಿಡುವುದು ನಿಷಿದ್ಧ.

ಕೆಟ್ಟದ್ದನ್ನು ಕಳೆಯುವ ಬಗೆಯೂ ಜಾತಿಗೆ ತಕ್ಕಂತೆ ಬೇರೆ. ಕರಿಮದ್ದನ್ನು ನೀರಿನಲ್ಲಿ ಕದಡಿದರೆ ಪೆಟ್ಲುಪ್ಪು ಕರಗಿ ಅದು ನಿರ್ವೀರ್ಯವಾಗುತ್ತದೆ. ಹೊಗೆಯಿಲ್ಲದ ಮದ್ದು ನೀರಿಗೆ ಜಗ್ಗದು. ಅಮೆರಿಕದವರು ಸ್ವಲ್ಪವಿದ್ದರೆ ಅದನ್ನು ಹುಲ್ಲುಹಾಸಿನ ಮೇಲೆ ತೆಳ್ಳಗೆ ಚೆಲ್ಲುವುದುಂಟು. ಅದರ ಸಾರಜನಕ ಕ್ರಮೇಣ ಹುಲ್ಲಿಗೆ ಗೊಬ್ಬರವಾಗುತ್ತದೆ. ನಮ್ಮಲ್ಲಿ ಮದ್ದು, ತೋಟೆಗಳೆಲ್ಲ 1959ರ ಆಯುಧ ಕಾಯಿದೆಯ ಅಂಕೆಯಲ್ಲಿರುವುದರಿಂದ, ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಹಳೆಯ ಮನೆಯ ಅಟ್ಟ ಗುಡಿಸುವಾಗ ಅಂಥ ಡಬ್ಬಿಯೊಂದು ಸಿಕ್ಕಿದರೆ, ಅಲುಗಿಸದೆ, ಮುಚ್ಚಳಕ್ಕೆ ಕೈಹಾಕದೆ, ಪೊಲೀಸು ಠಾಣೆಗೆ ತಿಳಿಸುವುದೇ ಗೃಹಸ್ಥನ ಕರ್ತವ್ಯ. ಔಷಧದ ಸೀಸೆಗೆ ತಾರೀಖು ಅಚ್ಚುಹಾಕಿರುತ್ತಾರೆ. ಈ ಮದ್ದಿಗೆ ಅದಿಲ್ಲ, ಅದು ತನ್ನ ವಯಸ್ಸನ್ನು ಹೇಳುವುದು ಘಾಟಿನಿಂದಲೂ ತುಕ್ಕಿನಿಂದಲೂ ಮಾತ್ರ.