ಹೋಂಸ್ಟೇಗೆ ವೈ-ಫೈ: ಸಲಕರಣೆ ಕೊಳ್ಳುವ ಮುನ್ನ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಪ್ರದೇಶಗಳಲ್ಲಿ ಹಳೆಯ ತೋಟದ ಮನೆಗಳು ಹೋಂಸ್ಟೇಗಳಾಗಿ ಮಾರ್ಪಟ್ಟಿರುವುದು ನಮ್ಮ ಸದಸ್ಯ ಬಂಧುಗಳಿಗೆ ತಿಳಿದ ಸಂಗತಿ. ಕಾಫಿ, ಮೆಣಸಿನ ಧಾರಣೆ ಏರಿಳಿಯುವಾಗ ಈ ಉಪ ಆದಾಯ ಅನೇಕ ಕುಟುಂಬಗಳಿಗೆ ಆಸರೆಯಾಗಿದೆ. ಹಿಂದೆ ಅತಿಥಿಗಳು ಬಂದೊಡನೆ ಬಿಸಿನೀರಿನ ಬಗ್ಗೆ ವಿಚಾರಿಸುತ್ತಿದ್ದರು. ಈಗ ವೈ-ಫೈ ಪಾಸ್‌ವರ್ಡ್ ಕೇಳುತ್ತಾರೆ. 2020ರ ನಂತರ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬೆಳೆದುದರಿಂದ, ವಾರದ ನಡುವೆ ಖಾಲಿ ಉಳಿಯುತ್ತಿದ್ದ ಕೊಠಡಿಗಳನ್ನು ತುಂಬುವ ಅವಕಾಶ ಒದಗಿದೆ. ಆದರೆ ಸಂಪರ್ಕ ಕಡಿದರೆ ಅಂತಹ ಗ್ರಾಹಕರು ಮರಳಿ ಬರುವುದಿಲ್ಲ. ಆದ್ದರಿಂದ ವೈ-ಫೈ ಸಲಕರಣೆಯ ಆಯ್ಕೆಯನ್ನು ಬಂಡವಾಳ ಹೂಡಿಕೆಯೆಂದೇ ಪರಿಗಣಿಸುವುದು ಸೂಕ್ತ.

ಸಾಮಾನ್ಯ ತಪ್ಪು

ಉದಾಹರಣೆಗೆ ಎಂಟು ಕೊಠಡಿಗಳ ಒಂದು ಮನೆಯನ್ನು ತೆಗೆದುಕೊಳ್ಳೋಣ. ಮುಖ್ಯ ಮನೆಯಲ್ಲಿ ಆರು ಕೊಠಡಿಗಳು, ಅಂಗಳದಾಚೆ ಎರಡು ಕೊಠಡಿಗಳ ಕಾಟೇಜು. ಮಾಲೀಕರು ಮೊದಲು ಒಂದು ದುಬಾರಿ ರೂಟರ್ ತಂದು ಹಜಾರದಲ್ಲಿ ಇಡುತ್ತಾರೆ. ಹಿಂಭಾಗದ ಕೊಠಡಿಗಳಿಗೆ ಸಂಕೇತ ತಲಪದಿದ್ದಾಗ ರಿಪೀಟರ್‌ಗಳನ್ನು ಸೇರಿಸುತ್ತಾರೆ. ಒಂದೇ ರೇಡಿಯೋ ಇರುವ ರಿಪೀಟರ್ ಪ್ರತಿಯೊಂದು ಮಾಹಿತಿಯನ್ನೂ ಪಡೆದು ಮತ್ತೆ ಪ್ರಸಾರ ಮಾಡಬೇಕಾದುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಹಣ ಎರಡು ಬಾರಿ ವ್ಯಯವಾದರೂ ದೂರು ನಿಲ್ಲುವುದಿಲ್ಲ.

ಇದಕ್ಕೆ ಕಾರಣ ಗೋಡೆ. 2.4 ಗಿಗಾಹರ್ಟ್ಸ್ ತರಂಗಗಳು ದೂರ ಸಾಗುತ್ತವೆ, ಆದರೆ ಅವುಗಳಲ್ಲಿ ಪರಸ್ಪರ ಅಡ್ಡಿಯಾಗದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. 5 ಗಿಗಾಹರ್ಟ್ಸ್‌ನಲ್ಲಿ ವೇಗವೂ ಚಾನೆಲ್‌ಗಳೂ ಹೆಚ್ಚು, ಆದರೆ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗಳನ್ನು ದಾಟುವ ಶಕ್ತಿ ಕಡಿಮೆ. ತಗಡಿನ ಹೊದಿಕೆ, ನೀರಿನ ತೊಟ್ಟಿ, ದೊಡ್ಡ ಕನ್ನಡಿಗಳೂ ತರಂಗಗಳಿಗೆ ಅಡ್ಡಿಯಾಗುತ್ತವೆ.

ಸರಿಯಾದ ಕ್ರಮ

ಬಲವಾದ ಒಂದು ರೂಟರ್‌ಗಿಂತ ಸಾಧಾರಣ ಶಕ್ತಿಯ ಹಲವು ಆಕ್ಸೆಸ್ ಪಾಯಿಂಟ್‌ಗಳು ಮೇಲು. ದಪ್ಪ ಗೋಡೆಯ ಮನೆಯಲ್ಲಿ ಎರಡು ಕೊಠಡಿಗಳಿಗೆ ಒಂದರಂತೆ ಲೆಕ್ಕ ಹಾಕಿದರೆ ನಮ್ಮ ಉದಾಹರಣೆಗೆ ನಾಲ್ಕು ಬೇಕು. ಪ್ರತಿಯೊಂದಕ್ಕೂ ಕ್ಯಾಟ್-6 ಕೇಬಲ್ ಎಳೆಸತಕ್ಕದ್ದು. ಅದರ ಉದ್ದ 100 ಮೀಟರ್ ಮೀರಬಾರದು. ಪಿಒಇ ಸ್ವಿಚ್ ಇದ್ದರೆ ಅದೇ ಕೇಬಲ್‌ನಲ್ಲಿ ವಿದ್ಯುತ್ತೂ ಹರಿಯುವುದರಿಂದ ಪ್ರತಿ ಕೊಠಡಿಯಲ್ಲಿ ಪ್ರತ್ಯೇಕ ಪ್ಲಗ್ ಬೇಕಾಗದು. ಆಕ್ಸೆಸ್ ಪಾಯಿಂಟ್ ಒಂದಕ್ಕೆ 13 ವ್ಯಾಟ್ ಎಂದಿಟ್ಟರೂ ಒಟ್ಟು 52 ವ್ಯಾಟ್ ಆಗುತ್ತದೆ. 60 ವ್ಯಾಟ್‌ಗಿಂತ ಹೆಚ್ಚು ಪೂರೈಸುವ ಗಿಗಾಬಿಟ್ ಸ್ವಿಚ್ ಸಾಕು. ಮೋಡೆಮ್, ರೂಟರ್ ಹಾಗೂ ಈ ಸ್ವಿಚ್ಚನ್ನು ಒಂದೇ ಯುಪಿಎಸ್‌ಗೆ ಜೋಡಿಸಿದರೆ ವಿದ್ಯುತ್ ಹೋದಾಗಲೂ ಇಡೀ ಜಾಲ ನಡೆಯುತ್ತದೆ.

ಕಾಟೇಜಿಗೆ ಮಾತ್ರ ತಾಮ್ರದ ಕೇಬಲ್ ಬೇಡ. ಮಲೆನಾಡಿನಲ್ಲಿ ಮುಂಗಾರಿಗೆ ಮುನ್ನ ಸಿಡಿಲಿನ ಹಾವಳಿ ಹೆಚ್ಚು. ಕಟ್ಟಡಗಳ ನಡುವಿನ ತಾಮ್ರದ ತಂತಿಯಲ್ಲಿ ಹರಿಯುವ ವಿದ್ಯುದಾಘಾತವು ಎರಡೂ ಬದಿಯ ಸಲಕರಣೆಗಳನ್ನು ಸುಟ್ಟುಬಿಡಬಲ್ಲದು. ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ. ಲೋಹದ ಕವಚವಿಲ್ಲದ ಫೈಬರನ್ನೇ ಕೇಳಿ ಪಡೆಯಬೇಕು. ಆ ತುದಿಯ ಆಕ್ಸೆಸ್ ಪಾಯಿಂಟ್‌ಗೆ ಕಾಟೇಜಿನಲ್ಲಿಯೇ ವಿದ್ಯುತ್ ಒದಗಿಸಿ, ಚಿಕ್ಕ ಯುಪಿಎಸ್ ಇಡಬೇಕು. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದಿದ್ದಲ್ಲಿ ಮಾತ್ರ, ಪರಸ್ಪರ ಸಂಪರ್ಕಕ್ಕೆ ಪ್ರತ್ಯೇಕ ರೇಡಿಯೋ ಹೊಂದಿದ ಮೆಶ್ ಸಲಕರಣೆಯನ್ನು ಆಯ್ದುಕೊಳ್ಳಬಹುದು.

ಎಷ್ಟು ವೇಗ ಬೇಕು?

ಎಂಟು ಕೊಠಡಿಗಳಲ್ಲಿ ತಲಾ ಮೂರು ಸಾಧನಗಳೆಂದರೆ 24. ಸ್ಪಷ್ಟ ವೀಡಿಯೋ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ಎಂಟೂ ಕೊಠಡಿಗಳಲ್ಲಿ ಒಮ್ಮೆಗೇ ನೋಡಿದರೂ 40. ಆದುದರಿಂದ 100 ಎಂಬಿಪಿಎಸ್ ಸಂಪರ್ಕ ಧಾರಾಳವಾಯಿತು. ಒಬ್ಬರೇ ಎಲ್ಲವನ್ನೂ ಬಳಸದಂತೆ ಪ್ರತಿ ಸಾಧನಕ್ಕೆ ವೇಗಮಿತಿ ನಿಗದಿಪಡಿಸುವ ಸೌಲಭ್ಯ ರೂಟರ್‌ನಲ್ಲಿದೆಯೇ ಎಂದು ವಿಚಾರಿಸಬೇಕು. ಹೊಸದಾಗಿ ಕೊಳ್ಳುವವರು ಹೆಚ್ಚು ಸಾಧನಗಳನ್ನು ನಿಭಾಯಿಸಬಲ್ಲ ವೈ-ಫೈ 6 ಆಯ್ದುಕೊಳ್ಳುವುದು ಲೇಸು.

ಭದ್ರತೆ ಮತ್ತು ಹೊಣೆ

2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಸಂದರ್ಭದ ಬೆದರಿಕೆ ಇ-ಮೇಲ್ ನವಿ ಮುಂಬಯಿಯ ನಿವಾಸವೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ ರವಾನೆಯಾಗಿತ್ತು. ಪೊಲೀಸರು ಮೊದಲು ತಲಪಿದ್ದು ಆ ಮನೆಯ ಬಾಗಿಲಿಗೆ. ಆದ್ದರಿಂದ ಪಾಸ್‌ವರ್ಡ್ ಇಲ್ಲದ ಜಾಲ ಸರ್ವಥಾ ಕೂಡದು; ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಇರಲಿ, ಪಾಸ್‌ವರ್ಡನ್ನು ಆಗಾಗ ಬದಲಿಸಲಿ. ಅತಿಥಿಗಳ ಜಾಲದಿಂದ ಬಿಲ್ಲಿಂಗ್ ಕಂಪ್ಯೂಟರ್, ಕಾರ್ಡ್ ಯಂತ್ರ ಹಾಗೂ ಸಿಸಿಟಿವಿಗಳನ್ನು ಬೇರ್ಪಡಿಸಬೇಕು. ಖರೀದಿಸುವ ಸಲಕರಣೆಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮೋದನೆ ಇರುವುದನ್ನು ಖಚಿತಪಡಿಸಿಕೊಂಡು, ಬಿಲ್ ಸಹಿತವೇ ಕೊಳ್ಳಬೇಕು.

ತೆರಿಗೆಯ ಲೆಕ್ಕ

ಜಾಲ ಸಲಕರಣೆಗಳಿಗೆ ಶೇ. 18 ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿ ಬಾಡಿಗೆಗೆ ಹೂಡುವಳಿ ತೆರಿಗೆ ಜಮೆ ಇಲ್ಲದ ಶೇ. 5ರ ದರ ಅನ್ವಯವಾಗಿರುವುದರಿಂದ, ಈ ವರ್ಗದವರು ತೆರಿಗೆಯನ್ನೂ ಪೂರ್ಣ ವೆಚ್ಚವೆಂದೇ ಬರೆದುಕೊಳ್ಳಬೇಕು.

ಕೊನೆಯದಾಗಿ ಒಂದು ಸಲಹೆ: ಕೊಳ್ಳುವ ಮುನ್ನ ಮಾರಾಟಗಾರರಿಂದ ಒಂದು ಆಕ್ಸೆಸ್ ಪಾಯಿಂಟ್ ಎರವಲು ಪಡೆದು, ಬಾಗಿಲುಗಳನ್ನು ಮುಚ್ಚಿ, ಪ್ರತಿ ಕೊಠಡಿಯ ಮಂಚದ ಬಳಿ ಮೊಬೈಲಿನಲ್ಲಿ ವೇಗ ಅಳೆದು ಬರೆದಿಟ್ಟುಕೊಳ್ಳಿ. ಯಂತ್ರದ ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗಕ್ಕಿಂತ ಆ ಒಂದು ಹಾಳೆಯ ಅಂಕಿಗಳೇ ಹೆಚ್ಚು ನಂಬಲರ್ಹ.