ಹೊಟ್ಟೆಗೆ ಶಸ್ತ್ರಚಿಕಿತ್ಸೆ, ಕಿವಿಗೆ ನೆಮ್ಮದಿ

ಕಿವಿ ಗುಂಯ್‌ಗುಡುವುದು ಹಲವರಿಗೆ ಗೊತ್ತಿರುವ ಕಿರಿಕಿರಿ. ಅದರಲ್ಲೇ ಒಂದು ಬಗೆಯಲ್ಲಿ ಎದೆಬಡಿತದ ಲಯಕ್ಕೆ ಸರಿಯಾಗಿ 'ಹುಶ್, ಹುಶ್' ಎಂಬ ಸದ್ದು ಕೇಳಿಸುತ್ತದೆ. ರಾತ್ರಿ ಮಲಗಿದಾಗ ಅದು ಜೋರಾಗುತ್ತದೆ. ಅದೇ ಬದಿಯ ಕುತ್ತಿಗೆಯನ್ನು ವೈದ್ಯರು ಹಗುರಾಗಿ ಒತ್ತಿದರೆ ನಿಂತುಹೋಗುವುದೂ ಉಂಟು. ಪಲ್ಸಟೈಲ್ ಟಿನಿಟಸ್ ಎಂಬ ಈ ತೊಂದರೆಗೆ ರಕ್ತಹೀನತೆ, ಥೈರಾಯ್ಡ್, ರಕ್ತನಾಳದ ದೋಷ ಹೀಗೆ ಕಾರಣಗಳು ಹಲವು. ಸ್ಥೂಲಕಾಯದ ಯುವತಿಗೆ ಇದರ ಜೊತೆ ತಲೆನೋವೂ ಇದ್ದರೆ ತಲೆಬುರುಡೆಯೊಳಗಿನ ಒತ್ತಡದ ಮೇಲೆ ಅನುಮಾನ ಹೋಗಬೇಕು.

ಗಡ್ಡೆಯಿಲ್ಲದೆ, ರಕ್ತ ಹೆಪ್ಪುಗಟ್ಟದೆ, ಮಿದುಳಿನ ಸುತ್ತಲ ದ್ರವದ ಒತ್ತಡ ಏರುವ ಕಾಯಿಲೆಗೆ ವೈದ್ಯರು ಚಿಕ್ಕದಾಗಿ ಐಐಎಚ್ ಎನ್ನುತ್ತಾರೆ. ಬೆನ್ನಿಗೆ ಸೂಜಿ ಹಾಕಿ ಅಳೆದರೆ ಒತ್ತಡ ನೀರಿನ ಕಂಬದ ಲೆಕ್ಕದಲ್ಲಿ 25 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ಮಿದುಳಿನ ರಕ್ತವನ್ನು ಕೆಳಗಿಳಿಸುವ ದೊಡ್ಡ ನಾಳಗಳು ಕಿವಿಯ ಹಿಂದಿನ ಮೂಳೆಗೆ ತಾಗಿಕೊಂಡೇ ಸಾಗುತ್ತವೆ. ಒತ್ತಡದಿಂದ ಅವು ಕಿರಿದಾದಾಗ ರಕ್ತ ಸುಳಿಸುಳಿಯಾಗಿ ಹರಿದು ಸದ್ದು ಮಾಡುತ್ತದೆ. ಸದ್ದಾದರೂ ಸಹಿಸಬಹುದು, ಅದೇ ಒತ್ತಡ ದೃಷ್ಟಿನರವನ್ನು ಊದಿಸಿ ಕಣ್ಣನ್ನೇ ಕಸಿಯಬಲ್ಲದು. ಆದ್ದರಿಂದ ಕಿವಿ ತೋರಿಸಲು ಬಂದವರ ಕಣ್ಣನ್ನೂ ಪರೀಕ್ಷಿಸಲೇಬೇಕು.

ಅಸೆಟಜೋಲಮೈಡ್ ಮಾತ್ರೆ ದ್ರವದ ಉತ್ಪತ್ತಿಯನ್ನು ತಗ್ಗಿಸುತ್ತದೆ, ಆದರೆ ಬೇರಿರುವುದು ತೂಕದಲ್ಲಿ. ಅಮೆರಿಕದ ವರ್ಜೀನಿಯಾದಲ್ಲಿ ಹಾರ್ವೆ ಶುಗರ್‌ಮನ್ ಮತ್ತು ಸಂಗಡಿಗರು ಇಂಥ 24 ಮಂದಿಗೆ ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದವರಿಗೆ ನಾಲ್ಕು ತಿಂಗಳೊಳಗೆ ತಲೆನೋವೂ ಕಿವಿಯ ಬಡಿತವೂ ಹೋದವು. ಹೋಲಿಕೆಗೆ ಬೇರೆ ಗುಂಪಿಲ್ಲದ ಪುಟ್ಟ ಅಧ್ಯಯನವದು. ಆ ಕೊರತೆಯನ್ನು ತುಂಬಿದ್ದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ. ಅದರಲ್ಲಿ 66 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ಶಸ್ತ್ರಚಿಕಿತ್ಸೆಯ ದಾರಿ, ಉಳಿದವರಿಗೆ ತೂಕ ಇಳಿಸುವ ಕಾರ್ಯಕ್ರಮ. ವರ್ಷದ ಕೊನೆಗೆ ಮೊದಲ ಗುಂಪಿನ ಒತ್ತಡ ಇನ್ನೊಂದಕ್ಕಿಂತ ಸುಮಾರು 6 ಸೆಂ.ಮೀ. ಕಡಿಮೆಯಿತ್ತು, ಎರಡು ವರ್ಷಕ್ಕೆ ಆ ಅಂತರ 8 ದಾಟಿತ್ತು. ಅಲ್ಲಿ ಮುಖ್ಯವಾಗಿ ಅಳೆದದ್ದು ಒತ್ತಡವನ್ನು, ಕಿವಿಯ ಸದ್ದನ್ನಲ್ಲ ಎಂಬುದನ್ನು ಮರೆಯಬಾರದು.

ಬರೀ ಕಿವಿಯ ಸದ್ದಿಗಾಗಿ ಯಾರೂ ಹೊಟ್ಟೆ ಕೊಯ್ಸಿಕೊಳ್ಳುವುದಿಲ್ಲ. ದೇಹತೂಕ ಸೂಚ್ಯಂಕ 35 ದಾಟಿದವರಿಗೆ ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರುಗಟ್ಟುವಿಕೆಗಳ ಜೊತೆಗೆ ಐಐಎಚ್ ಕೂಡ ಒಂದು ಕಾರಣವಾಗಿ ಸೇರುತ್ತದೆ. ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿದ್ದರೆ ತೂಕ ಇಳಿಯುವವರೆಗೆ ಕಾಯಲಾಗದು. ದ್ರವವನ್ನು ಬೇರೆಡೆಗೆ ಹರಿಸುವ ಷಂಟ್‌ನಂಥ ತುರ್ತು ಉಪಾಯ ಬೇಕು.

ತೂಕ ಇಳಿದದ್ದರಿಂದಲೇ ಕಿವಿ ಕಾಡುವ ತದ್ವಿರುದ್ಧವಾದ ಫಜೀತಿಯೂ ಇದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಯೂಸ್ಟೇಷಿಯನ್ ನಾಳವನ್ನು ಮುಚ್ಚಿಡಲು ಪಕ್ಕದ ಕೊಬ್ಬು ನೆರವಾಗುತ್ತದೆ. ತೂಕ ಬೇಗ ಇಳಿದಾಗ ಆ ಕೊಬ್ಬೂ ಕರಗಿ ನಾಳ ತೆರೆದೇ ಉಳಿಯಬಹುದು. ಆಗ ತನ್ನದೇ ಮಾತು ತಲೆಯೊಳಗೆ ಮಾರ್ದನಿಸುತ್ತದೆ, ಉಸಿರಾಡಿದ್ದೂ ಕೇಳಿಸುತ್ತದೆ. ಉಸಿರಿನೊಂದಿಗೆ ಕಿವಿತಮಟೆ ಅಲುಗುವುದು ಪರೀಕ್ಷೆಯಲ್ಲಿ ಕಾಣುತ್ತದೆ. ಮಲಗಿದರೆ ಅಥವಾ ತಲೆ ಬಗ್ಗಿಸಿದರೆ ಇದು ತಗ್ಗುತ್ತದೆ. ಸಾಕಷ್ಟು ನೀರು ಕುಡಿಯುವುದು, ಉಪ್ಪುನೀರಿನ ಮೂಗಿನ ಹನಿ ಹಾಕಿಕೊಳ್ಳುವುದು ಮೊದಲ ಉಪಚಾರ. ತೀರಾ ಕಾಡಿದರೆ ಕಿವಿ-ಮೂಗು-ಗಂಟಲು ತಜ್ಞರು ನಾಳವನ್ನು ಕಿರಿದು ಮಾಡುತ್ತಾರೆ.