ಸೆಕೆಂಡಿಗೆ ಸಾವಿರ ಚೀಟಿ, ಗಂಟೆಗೆ ಮೂರೂವರೆ ರೂಪಾಯಿ

ಕಡೂರಿನ ಕಡೆಯ ಎಮ್ಮೆದೊಡ್ಡಿಯಲ್ಲಿ ಕೂತು ಮೊಬೈಲಿನಲ್ಲಿ ಒಂದೇ ಒಂದು ಷೇರು ಕೊಂಡರೂ ಬ್ರೋಕರು 24 ಗಂಟೆಯೊಳಗೆ ಅದರ ಲೆಕ್ಕದ ಚೀಟಿ ಕಳಿಸಲೇಬೇಕು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮ ಅದು. ಬೆಂಗಳೂರಿನ ಬ್ರೋಕರ್ ಸಂಸ್ಥೆ ಜೆರೋಧಾದಲ್ಲಿ ಈ ಕಾಂಟ್ರಾಕ್ಟ್ ನೋಟ್ ಹೇಗೆ ತಯಾರಾಗುತ್ತದೆ ಎಂಬುದನ್ನು ಅಲ್ಲಿನ ಎಂಜಿನಿಯರುಗಳೇ 2024ರಲ್ಲಿ ಬರೆದರು. ಒಂದು ದಿನಕ್ಕೆ 15 ಲಕ್ಷಕ್ಕೂ ಹೆಚ್ಚು ಪಿಡಿಎಫ್. ಎಲ್ಲವನ್ನೂ ಸಿದ್ಧಪಡಿಸಿ, ಡಿಜಿಟಲ್ ಸಹಿ ಹಾಕಿ, ಇಮೇಲ್ ಮಾಡಿ ಮುಗಿಸಲು 25 ನಿಮಿಷ. ಅಂದರೆ ಸೆಕೆಂಡಿಗೆ ಒಂದು ಸಾವಿರ! ಮೊದಲು ಇದೇ ಕೆಲಸ ಏಳೆಂಟು ಗಂಟೆ ಹಿಡಿಯುತ್ತಿತ್ತು.

ಈ ವೇಗಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಅದರ ಹಿಂದಿನ ಖರ್ಚಿನ ಜಾಣ್ಮೆ. ಆ ಹೊತ್ತಿಗಷ್ಟೇ ಕ್ಲೌಡಿನಲ್ಲಿ ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಹಿಡಿದು, ಅವುಗಳ ಸಿಪಿಯು ಒಂದಿಷ್ಟೂ ಸುಮ್ಮನಿರದಂತೆ ದುಡಿಸಿ, ಕೆಲಸ ಮುಗಿದ ಕೂಡಲೇ ಬಿಟ್ಟುಬಿಡುತ್ತಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ. ಮಾಡದಿದ್ದರೆ ಎಷ್ಟು ಪೋಲಾಗುತ್ತದೆ ಎಂಬುದೇ ಇಲ್ಲಿನ ಲೆಕ್ಕದ ತಿರುಳು.

ಇಂಥ ಬಾಡಿಗೆ ಯಂತ್ರದೊಳಗಿನ ಕೆಲಸವನ್ನು ಕಂಟೇನರುಗಳಾಗಿ ಹಂಚುವುದುಂಟು. ಕಂಟೇನರ್ ಎಂದರೆ ಒಂದೇ ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ಕೆಲಸದ ಕೋಣೆ. ಗೂಗಲ್ 2014ರಲ್ಲೇ ವಾರಕ್ಕೆ 200 ಕೋಟಿ ಕಂಟೇನರ್ ಶುರುಮಾಡುತ್ತಿದ್ದೇವೆ ಎಂದಿತ್ತು. ಭಾಗಿಸಿ ನೋಡಿ, ಸೆಕೆಂಡಿಗೆ 3,300. ಕಂಟೇನರುಗಳನ್ನು ಸಂಭಾಳಿಸುವ ಕುಬರ್ನೆಟಿಸ್ ತಂತ್ರಾಂಶ ಒಂದೇ ಗುಂಪಿನಲ್ಲಿ 5,000 ಯಂತ್ರ, 3 ಲಕ್ಷ ಕಂಟೇನರ್‌ವರೆಗೆ ತಾಳುತ್ತದೆ. ತಿಂಗಳ ಕೊನೆಗೆ ಬರುವುದು ಯಂತ್ರಗಳ ಬಿಲ್ಲು. ಯಾವ ಕಂಟೇನರಿನ ಪಾಲು ಎಷ್ಟು ಎಂದು ಅದು ಹೇಳುವುದಿಲ್ಲ.

ಹಾಗಾಗಿ ಆ ಬಿಲ್ಲನ್ನು ಒಡೆಯಬೇಕು, ಬಹಳ ಸಣ್ಣದಾಗಿ ಒಡೆಯಬೇಕು. ಒಂದು ಸಿಪಿಯು ಕೋರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮಿಲಿಕೋರ್. ಕಂಟೇನರಿಗೆ ಹತ್ತು ಮಿಲಿಕೋರಿನ ಮಿತಿ ಹಾಕಿದರೆ ಪ್ರತಿ 100 ಮಿಲಿಸೆಕೆಂಡಿನಲ್ಲಿ ಅದಕ್ಕೆ ಸಿಗುವುದು ಒಂದೇ ಒಂದು ಮಿಲಿಸೆಕೆಂಡು. ಕಣ್ಣು ಮಿಟುಕಿಸುವ ಹೊತ್ತಿಗಿಂತ ಎಷ್ಟೋ ಕಿರಿದಾದ ಈ ಅವಧಿಯಲ್ಲಿ 3 ಗಿಗಾಹರ್ಟ್ಸ್ ಸಿಪಿಯು 30 ಲಕ್ಷ ಬಾರಿ ಮಿಡಿದಿರುತ್ತದೆ.

ಸಂಪನ್ಮೂಲಗಳ ಗುಣವೂ ಒಂದೇ ತರ ಅಲ್ಲ. ಸಿಪಿಯು ಸಮಯ ಮದಗದ ಕೆರೆಯ ತೂಬೆತ್ತಿ ಬಿಟ್ಟ ನೀರಿನಂತೆ: ಗದ್ದೆಗೆ ತಿರುಗಿಸಿಕೊಳ್ಳದಿದ್ದರೆ ಹರಿದೇ ಹೋಯಿತು. ಮೆಮೊರಿಯನ್ನು ಒಬ್ಬರು ಹಿಡಿದಿಟ್ಟರೆ ಮತ್ತೊಬ್ಬರಿಗಿಲ್ಲ. ಡಿಸ್ಕಿನ ಬಾಡಿಗೆ ಕಂಟೇನರ್ ನಿಂತ ಮೇಲೂ ಓಡುತ್ತಿರುತ್ತದೆ. ಬೆಲೆಯಲ್ಲೂ ಅಂತರವಿದೆ. ಅಮೆಜಾನಿನ ಫಾರ್ಗೇಟ್ ಸೇವೆ ವರ್ಜೀನಿಯಾ ಕೇಂದ್ರದಲ್ಲಿ ಒಂದು ಸಿಪಿಯುವಿಗೆ ಗಂಟೆಗೆ 0.04048 ಡಾಲರ್, ಒಂದು ಜಿಬಿ ಮೆಮೊರಿಗೆ 0.004445 ಡಾಲರ್ ದರ ಇಟ್ಟಿದೆ. ಒಂದು ಜಿಬಿ ಮೆಮೊರಿಗಿಂತ ಒಂದು ಸಿಪಿಯು ಒಂಬತ್ತು ಪಟ್ಟು ದುಬಾರಿ! ಎರಡನ್ನೂ ಕಲಸಿ ಒಂದೇ ಮೊತ್ತ ತೋರಿಸುವ ಬಿಲ್ಲಿನಲ್ಲಿ ಇದು ಕಾಣುವುದೇ ಇಲ್ಲ.

ಈಗ ಒಂದು ಕಂಟೇನರ್ ತೆಗೆದುಕೊಳ್ಳಿ. ಇರಲಿ ಎಂದು ಒಂದು ಪೂರ್ತಿ ಸಿಪಿಯು ಕೇಳಿಟ್ಟಿದ್ದಾರೆ, ಬಳಸುವುದು ನೂರೇ ಮಿಲಿಕೋರ್. ಮೇಲಿನ ದರಕ್ಕೆ, ಡಾಲರಿಗೆ 85 ರೂಪಾಯಿ ಹಿಡಿದರೆ ಗಂಟೆಗೆ ಸುಮಾರು ಮೂರೂವರೆ ರೂಪಾಯಿ ಬಿಲ್ಲು, ಅದರಲ್ಲಿ ಮೂರು ರೂಪಾಯಿಗೂ ಹೆಚ್ಚು ವ್ಯರ್ಥ. ಇದೇನು ಮಹಾ ಅನ್ನಿಸಬಹುದು. ಆ ವ್ಯರ್ಥವೇ ತಿಂಗಳಿಗೆ 2,260 ರೂಪಾಯಿ ಆಯಿತು. ಅಂಥವು ಸಾವಿರ ಇದ್ದರೆ ತಿಂಗಳಿಗೆ 22 ಲಕ್ಷ 60 ಸಾವಿರ, ಏನೂ ಮಾಡದ ಸಿಪಿಯುವಿಗೆ.

ಇದು ಕಲ್ಪನೆಯ ಉತ್ಪ್ರೇಕ್ಷೆಯಲ್ಲ. ಡೇಟಾಡಾಗ್ ಸಂಸ್ಥೆಯ 2024ರ ವರದಿಯ ಪ್ರಕಾರ ಕಂಟೇನರುಗಳಿಗೆ ಸುರಿದ ಪ್ರತಿ ನೂರು ರೂಪಾಯಿಯಲ್ಲಿ 83 ಸುಮ್ಮನೆ ಕೂತ ಸಂಪನ್ಮೂಲಕ್ಕೆ ಹೋಗುತ್ತದೆ. ಅದರಲ್ಲಿ 54 ಯಾರೂ ಕೇಳದೆ ಖಾಲಿ ಬಿದ್ದ ಯಂತ್ರಭಾಗಕ್ಕೆ, 29 ಕೇಳಿ ಬಳಸದೆ ಬಿಟ್ಟದ್ದಕ್ಕೆ. ಓಪನ್‌ಕಾಸ್ಟ್ ಎಂಬ ಉಚಿತ ತಂತ್ರಾಂಶದ ಸೂತ್ರ ನನಗೆ ಇಲ್ಲಿ ನ್ಯಾಯವಾಗಿ ಕಾಣುತ್ತದೆ: ಕೇಳಿದ್ದು, ಬಳಸಿದ್ದು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಗಂಟೆಯಿಂದಲೂ ದರದಿಂದಲೂ ಗುಣಿಸಿ ಆಯಾ ತಂಡದ ಲೆಕ್ಕಕ್ಕೆ ಬರೆಯುವುದು, ಯಾರೂ ಕೇಳದ ಪಾಲನ್ನು ಬೇರೆಯಾಗಿ ತೋರಿಸುವುದು. ಹಾಗೆ ಬರೆದಾಗ ಹೆಚ್ಚು ಕೇಳಿದವರಿಗೇ ಅದರ ಬಿಸಿ ಮುಟ್ಟುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಹೋಗಿ ಬೆಂಗಳೂರಿನ ಕಂಪನಿಗಳಲ್ಲಿ ಕಂಟೇನರ್ ಸಂಭಾಳಿಸುವ ಕೆಲಸವನ್ನೇ ಮಾಡುತ್ತಿರುವ ಮಕ್ಕಳಿಗೆ ಒಂದು ಮಾತು: ನಾಳೆ ಕಚೇರಿಗೆ ಹೋದಾಗ ನಿಮ್ಮ ತಂಡದ ಕಂಟೇನರುಗಳು ಕೇಳಿದ್ದೆಷ್ಟು, ಬಳಸಿದ್ದೆಷ್ಟು ಎಂದು ಸಿಪಿಯು, ಮೆಮೊರಿ, ಡಿಸ್ಕು ಬೇರೆ ಬೇರೆ ಮಾಡಿ ಒಮ್ಮೆ ನೋಡಿ.